ಎರಡು ವರ್ಷ ತಡವಾಗಿ ಕ್ಯಾಪ್ಟನ್: ನನ್ನ ಡೇಟ್ ಆಫ್ ರ್ಯಾಂಕ್ ತಿದ್ದಿಸಿಕೊಂಡ ಅನುಭವ

ನಾನು ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿ ಡಾಕ್ಟರು. ವಾರವಿಡೀ ಆಸ್ಪತ್ರೆ, ತಿಂಗಳಿಗೊಂದು ವಾರಾಂತ್ಯ ಡ್ರಿಲ್, ಅಂದರೆ ಸೇನೆಯ ತರಬೇತಿ. 2018ರ ಶುರುವಿನಲ್ಲಿ ಅಂಥದೊಂದು ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಗೆಳೆಯ ಫೋನ್ ತೋರಿಸಿದ. ಮೇಜರ್ ಹುದ್ದೆಯ ಬಡ್ತಿ ಬೋರ್ಡ್ ಕೂರುವ ಪ್ರಕಟಣೆ ಬಂದಿತ್ತು. ಯಾವ ತಾರೀಖಿನಿಂದ ಯಾವ ತಾರೀಖಿನೊಳಗೆ ಕ್ಯಾಪ್ಟನ್ ಆದವರನ್ನು ಪರಿಗಣಿಸುತ್ತಾರೆ ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನೇ ಝೋನ್ ಅನ್ನುತ್ತೇವೆ. ಗೆಳೆಯ ಝೋನ್‌ನಲ್ಲಿದ್ದ. ನಾನು ಇರಲಿಲ್ಲ.

ಇದರಲ್ಲೇನು ವಿಶೇಷ ಅನ್ನಬಹುದು. ನಾವಿಬ್ಬರೂ ರೆಸಿಡೆನ್ಸಿ, ಅಂದರೆ ವೈದ್ಯಕೀಯ ಪದವಿಯ ಮೇಲಿನ ಆಸ್ಪತ್ರೆ ತರಬೇತಿ, ಮುಗಿಸಿದ್ದು ಒಂದೇ ತಿಂಗಳು. ಸೇನೆಗೆ ಪ್ರಮಾಣ ಮಾಡಿದ್ದು ನಾನು ಮೊದಲು, 2015ರ ಆಗಸ್ಟ್ 20ಕ್ಕೆ. ಅವನು ಅದೇ ವರ್ಷ ಡಿಸೆಂಬರ್‌ನಲ್ಲಿ. ಆದರೂ ಕಾಗದದಲ್ಲಿ ಅವನು 2012ರ ಡಿಸೆಂಬರ್‌ನಿಂದ ಕ್ಯಾಪ್ಟನ್, ನಾನು 2014ರ ಆಗಸ್ಟ್‌ನಿಂದ. ನಾಲ್ಕು ತಿಂಗಳು ಮುಂಚೆ ಬಂದವನು ಇಪ್ಪತ್ತು ತಿಂಗಳು ಹಿಂದೆ ಬಿದ್ದಿದ್ದೆ.

ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಪ್ಪ ಪ್ರಥಮ ದರ್ಜೆ ಗುಮಾಸ್ತರಾಗಿ ನಿವೃತ್ತರಾದವರು. ಮನೆಯಲ್ಲಿ 'ಸೀನಿಯಾರಿಟಿ ಲಿಸ್ಟ್' ಅನ್ನುವ ಮಾತು ಅಕ್ಕಿ ಬೇಳೆಯಷ್ಟೇ ಸಲ ಕೇಳಿದ್ದೇನೆ. ಡೇಟ್ ಆಫ್ ರ್ಯಾಂಕ್ ಅಂದರೂ ಅದೇ. ಒಂದೇ ಹುದ್ದೆಯಲ್ಲಿರುವ ಇಬ್ಬರಲ್ಲಿ ಯಾರು ಹಿರಿಯರು ಅನ್ನುವುದನ್ನು ಆ ತಾರೀಖು ಹೇಳುತ್ತದೆ. ಮುಂದಿನ ಬಡ್ತಿಗೆ ಯಾವಾಗ ಕರೆ ಬರುತ್ತದೆ ಅನ್ನುವುದೂ ಅದರ ಮೇಲೇ ನಿಂತಿದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಡೇಟ್ ಆಫ್ ರ್ಯಾಂಕ್ ಹಿಂದಕ್ಕೆ ಹೋದರೆ ಸಂಬಳ ಜಾಸ್ತಿಯಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಅಧಿಕಾರಿಯ ಮೂಲ ವೇತನ ಹುದ್ದೆ ಮತ್ತು ಸೇವೆಯ ವರ್ಷಗಳ ಮೇಲೆ ನಿಲ್ಲುತ್ತದೆ. ಡಾಕ್ಟರುಗಳಿಗೆ ಓದಿನ ಲೆಕ್ಕದಲ್ಲಿ ಕೊಡುವ ವರ್ಷಗಳು ಹುದ್ದೆಗೆ ಬರುತ್ತವೆ, ಸಂಬಳದ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಪ್ಟನ್ ಆಗಿ ನನ್ನ ತಾರೀಖು ಎರಡು ವರ್ಷ ಹಿಂದೆ ಸರಿದರೆ ಅಷ್ಟಕ್ಕೇ ಒಂದು ಡಾಲರ್ ಕೂಡ ಬರುವುದಿಲ್ಲ. ಬರುವುದೇನಿದ್ದರೂ ಅದರಿಂದ ಮೇಜರ್ ಹುದ್ದೆ ಬೇಗ ಬಂದರೆ ಮಾತ್ರ.

ತಪ್ಪು ಎಲ್ಲಿ ಆಗಿತ್ತು ಅಂತ ಹುಡುಕಲು ನನಗೆ ಎರಡು ರಾತ್ರಿ ಹಿಡಿಯಿತು. ಐಪರ್ಮ್ಸ್‌ನಲ್ಲಿ, ಅಂದರೆ ನಮ್ಮ ದಾಖಲೆಗಳೆಲ್ಲ ಇರುವ ಕಂಪ್ಯೂಟರ್ ಭಂಡಾರದಲ್ಲಿ, ನೇಮಕದ ಕಾಗದಗಳನ್ನು ಒಂದೊಂದಾಗಿ ತೆರೆದೆ. ನೇಮಕದ ಪತ್ರ, ಪ್ರಮಾಣ ವಚನದ ಡಿಎ ಫಾರ್ಮ್ 71, ಆಮೇಲೆ ಡಿಎ ಫಾರ್ಮ್ 5074-ಆರ್. ಈ ಮೂರನೆಯದೇ ಮುಖ್ಯ. ವೈದ್ಯಕೀಯ ಅಧಿಕಾರಿಗಳಿಗೆ ಸೇರುವಾಗ ಎಷ್ಟು ವರ್ಷದ ಎಂಟ್ರಿ ಗ್ರೇಡ್ ಕ್ರೆಡಿಟ್ ಸಿಕ್ಕಿತು ಅಂತ ಲೆಕ್ಕ ಹಾಕುವ ಹಾಳೆ ಅದು. ಹತ್ತಿರ ಹತ್ತಿರ ಮೂರು ವರ್ಷದಿಂದ ನನ್ನ ದಾಖಲೆಯಲ್ಲೇ ಇತ್ತು. ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ.

ಆ ಲೆಕ್ಕ ಹೀಗೆ. ವೈದ್ಯಕೀಯ ಪದವಿಗೆ 4 ವರ್ಷ. ನಮ್ಮ ಎಂಬಿಬಿಎಸ್ ಐದೂವರೆ ವರ್ಷವಾದರೂ ಲೆಕ್ಕ 4ಕ್ಕೇ ನಿಲ್ಲುತ್ತದೆ, ಅದಕ್ಕೆ ತಕರಾರು ಮಾಡುವಂತಿಲ್ಲ. ಆಮೇಲೆ ಇಂಟರ್ನ್‌ಶಿಪ್ ವರ್ಷಕ್ಕೆ 1. ಅದರ ಮೇಲಿನ ರೆಸಿಡೆನ್ಸಿಗೆ ವರ್ಷಕ್ಕೆ ಒಂದು ವರ್ಷ. ನನ್ನದು ಇಂಟರ್ನಲ್ ಮೆಡಿಸಿನ್, ಮೊದಲ ಇಂಟರ್ನ್ ವರ್ಷವೂ ಸೇರಿ ಒಟ್ಟು 3. ಅಲ್ಲಿಗೆ 7 ಆಗಬೇಕು. ಕ್ಯಾಪ್ಟನ್ ಆಗಲು 4 ಖರ್ಚಾದರೆ ಮಿಕ್ಕ 3 ವರ್ಷ ಡೇಟ್ ಆಫ್ ರ್ಯಾಂಕ್ ಅನ್ನು ಹಿಂದಕ್ಕೆ ತಳ್ಳುತ್ತದೆ. 2015ರ ಆಗಸ್ಟ್ 20ರಿಂದ ಮೂರು ವರ್ಷ ಹಿಂದಕ್ಕೆ ಹೋದರೆ 2012ರ ಆಗಸ್ಟ್ 20.

ಹಾಳೆಯಲ್ಲಿ ಪದವಿಯ ಮುಂದೆ 4 ಇತ್ತು. ಇಂಟರ್ನ್‌ಶಿಪ್ ಮುಂದೆ 1 ಇತ್ತು. ರೆಸಿಡೆನ್ಸಿ ಮುಂದೆ ಸೊನ್ನೆ.

ಆ ಸೊನ್ನೆಯನ್ನು ನೋಡುತ್ತಾ ಸ್ವಲ್ಪ ಹೊತ್ತು ಕುಳಿತಿದ್ದೆ. ಕೆಳಗೆ ಒಟ್ಟು 5 ಅಂತ ಕೂಡಿಸಿದ್ದರು. ಕೂಡಿಸಿದ್ದು ಸರಿಯಾಗಿಯೇ ಇತ್ತು, ಕೂಡಿಸಬೇಕಾದ್ದು ಮಾತ್ರ ಇರಲಿಲ್ಲ. ಕಾರಣವೂ ಅಲ್ಲೇ ಸಿಕ್ಕಿತು. ನಾನು ಅರ್ಜಿ ಹಾಕಿದ್ದು 2015ರ ವಸಂತದಲ್ಲಿ, ಇನ್ನೂ ಮೂರನೇ ವರ್ಷದ ರೆಸಿಡೆಂಟ್ ಆಗಿದ್ದಾಗ. ಕಾಗದದ ಕಟ್ಟಿನಲ್ಲಿ ಇದ್ದದ್ದು 'ಜೂನ್‌ನಲ್ಲಿ ಮುಗಿಸುವ ನಿರೀಕ್ಷೆ ಇದೆ' ಅನ್ನುವ ಪತ್ರ. ಮುಗಿಸಿದ ಸರ್ಟಿಫಿಕೇಟ್ ಅಲ್ಲ. ಲೆಕ್ಕ ಹಾಕಿದವರು 'ಮುಗಿದಿಲ್ಲ' ಅಂತ ಸೊನ್ನೆ ಬರೆದರು. ಜೂನ್ 30ಕ್ಕೆ ಮುಗಿಯಿತು, ಆಗಸ್ಟ್‌ನಲ್ಲಿ ಪ್ರಮಾಣ ಮಾಡಿದೆ, ನಡುವೆ ಆ ಹಾಳೆಯನ್ನು ಯಾರೂ ಮತ್ತೆ ನೋಡಲಿಲ್ಲ. ನಾನೂ ಸರ್ಟಿಫಿಕೇಟ್ ಕಳಿಸಲಿಲ್ಲ. ಗೆಳೆಯ ತಡವಾಗಿ ಅರ್ಜಿ ಹಾಕಿದ್ದರಿಂದ ಅವನ ಕಟ್ಟಿನಲ್ಲಿ ಸರ್ಟಿಫಿಕೇಟೇ ಇತ್ತು. ಅಷ್ಟೇ ವ್ಯತ್ಯಾಸ.

ಆಮೇಲೆ ಮಾಡಿದ್ದು ಶುದ್ಧ ದಡ್ಡತನ. ಸಿಟ್ಟಿನಲ್ಲಿ ಒಂದು ಉದ್ದ ಇಮೇಲ್ ಬರೆದು ಸಂಬಂಧಪಟ್ಟ ಕಚೇರಿಗೆ ಕಳಿಸಿದೆ. ನನ್ನ ಸೇವೆ, ನನ್ನ ತ್ಯಾಗ, ನನಗಿಂತ ಆಮೇಲೆ ಬಂದವನು ಹಿರಿಯನಾಗಿದ್ದಾನೆ, ಇದು ನ್ಯಾಯವೇ ಅಂತೆಲ್ಲ. ಒಂದೂ ದಾಖಲೆ ಲಗತ್ತಿಸಲಿಲ್ಲ. ಉತ್ತರ ಬರಲಿಲ್ಲ. ಈಗ ಓದಿದರೆ ನನಗೇ ನಾಚಿಕೆಯಾಗುತ್ತದೆ.

ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನು ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, "ಅರ್ಜೀಲಿ ಉಲ್ಲೇಖ ಹಾಕಿದ್ಯೇನೋ?" ಅಂದರು.

"ಯಾವ ಉಲ್ಲೇಖ ಅಪ್ಪ, ಇಮೇಲ್ ಅದು."

"ಇಮೇಲ್ ಆದ್ರೇನು. ಗೋಳು ಬರೆದ್ರೆ ಓದಿ 'ಪಾಪ' ಅಂತಾರೆ, ಕಡತಕ್ಕೆ ಏನು ಸೇರಿಸ್ತಾರೆ? ಯಾವ ಕಾಗದ, ಯಾವ ತಾರೀಖು, ಅದರಲ್ಲಿ ಏನಿದೆ, ಏನಿರಬೇಕಿತ್ತು. ನಾಲ್ಕು ಸಾಲು ಸಾಕು ಕಣೋ."

ನಲವತ್ತು ವರ್ಷ ಟಪಾಲು ನೋಡಿದ ಮನುಷ್ಯ. ಅವರಿಗೆ ಪೆಂಟಗನ್ನೂ ತಾಲ್ಲೂಕು ಕಚೇರಿಯೂ ಒಂದೇ. ಅಲ್ಲಿಂದ ಮುಂದೆ ನಾನು ಬರೆದದ್ದೆಲ್ಲ ಅವರ ಈ ನಾಲ್ಕು ಸಾಲಿನ ಅಚ್ಚಿನಲ್ಲೇ.

ಮೊದಲು ದಾಖಲೆ. ರೆಸಿಡೆನ್ಸಿ ಮುಗಿಸಿದ್ದಕ್ಕೆ ಆಸ್ಪತ್ರೆ ಕೊಟ್ಟ ಡಿಪ್ಲೊಮಾ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಚೌಕಟ್ಟಿನ ಹಿಂದಿನ ಮೊಳೆಗಳನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಗಾಜು ತೆಗೆದು, ಸ್ಕ್ಯಾನ್ ಮಾಡಿದೆ. ಹೆಂಡತಿ ನೋಡಿ, "ರೀ, ಅದನ್ನ ಮತ್ತೆ ನೆಟ್ಟಗೆ ಕೂರಿಸ್ತೀರಾ?" ಅಂದಳು. ಕೂರಿಸಲಿಲ್ಲ, ಇವತ್ತಿಗೂ ಸ್ವಲ್ಪ ವಾರೆಯಾಗಿಯೇ ಇದೆ. ಅಷ್ಟೆಲ್ಲ ಮಾಡಿದ ಮೇಲೆ ಗೊತ್ತಾಗಿದ್ದೇನೆಂದರೆ ಆ ಡಿಪ್ಲೊಮಾ ಕೆಲಸಕ್ಕೆ ಬರುವಂಥದ್ದೇ ಅಲ್ಲ. ಬಳ್ಳಿ ಬಳ್ಳಿ ಅಕ್ಷರದಲ್ಲಿ ಮುಗಿಸಿದ ತಾರೀಖು ಮಾತ್ರ ಇತ್ತು. ಶುರುವಾದ ತಾರೀಖು ಇಲ್ಲ, ವರ್ಷವಾರು ವಿವರ ಇಲ್ಲ.

ಹಾಗಾಗಿ ಆಸ್ಪತ್ರೆಯ ಸ್ನಾತಕೋತ್ತರ ತರಬೇತಿ ಕಚೇರಿಗೆ ಬರೆದು ದೃಢೀಕರಣ ಪತ್ರ ಕೇಳಿದೆ. ನನಗೆ ಬೇಕಾದ ರೀತಿಯನ್ನೂ ನಾನೇ ಹೇಳಿದೆ. ಮೊದಲ ವರ್ಷ ಇಂಥ ದಿನದಿಂದ ಇಂಥ ದಿನದವರೆಗೆ, ಎರಡನೆಯದು, ಮೂರನೆಯದು, ನಡುವೆ ರಜೆಯಿಂದ ಮುರಿದಿದೆಯೇ ಇಲ್ಲವೇ, ಪೂರ್ತಿ ಕ್ರೆಡಿಟ್ ಕೊಟ್ಟಿದ್ದೇವೆ ಅನ್ನುವ ಒಂದು ವಾಕ್ಯ, ಸಹಿ, ಲೆಟರ್‌ಹೆಡ್. 2012ರ ಜುಲೈ 1ರಿಂದ 2015ರ ಜೂನ್ 30ರವರೆಗೆ ಮೂರು ಸಾಲು. ನನ್ನ ಇಡೀ ಪ್ರಕರಣದಲ್ಲಿ ಅತಿ ಬೆಲೆಯುಳ್ಳ ಕಾಗದ ಅದೇ ಅಂತ ಈಗ ಹೇಳಬಲ್ಲೆ.

ಇನ್ನೊಂದು ಕೆಲಸ ಮಾಡಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ವಿರುದ್ಧವೂ ಒಮ್ಮೆ ಲೆಕ್ಕ ಹಾಕಿ ನೋಡಿದೆ. ಅರ್ಜಿ ಹಾಕಿದರೆ ಅವರು ನಾನು ತೋರಿಸಿದ ಸಾಲನ್ನಷ್ಟೇ ನೋಡುತ್ತಾರೆ ಅನ್ನುವ ಖಾತ್ರಿ ಇಲ್ಲ, ಇಡೀ ಹಾಳೆಯನ್ನು ಹೊಸದಾಗಿ ಕೂಡಿಸಬಹುದು. ಒಂದೇ ಅವಧಿಯನ್ನು ಎರಡು ಸಲ ಎಣಿಸುವಂತಿಲ್ಲ ಅನ್ನುವ ನಿಯಮ ಇದೆ. ನನಗೆ ಎಲ್ಲಾದರೂ ಜಾಸ್ತಿ ಸಿಕ್ಕಿದೆಯೇ ಅಂತ ನೋಡಿದೆ. ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಅರ್ಜಿ ಹಾಕುತ್ತಿದ್ದೆನೋ ಇಲ್ಲವೋ, ಪ್ರಾಮಾಣಿಕವಾಗಿ ಹೇಳಲಾರೆ.

ಈಗ ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆ. ಕೊನೆಯ ಬಾಗಿಲು ಆರ್ಮಿ ಬೋರ್ಡ್ ಫಾರ್ ಕರೆಕ್ಷನ್ ಆಫ್ ಮಿಲಿಟರಿ ರೆಕಾರ್ಡ್ಸ್, ಚಿಕ್ಕದಾಗಿ ಎಬಿಸಿಎಂಆರ್. ನೌಕಾಪಡೆಗೂ ವಾಯುಪಡೆಗೂ ಬೇರೆ ಬೇರೆ ಬೋರ್ಡ್‌ಗಳಿವೆ. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಮೊದಲೆಲ್ಲ ಸೈನಿಕನೊಬ್ಬನ ದಾಖಲೆ ತಿದ್ದಬೇಕೆಂದರೆ ಅಮೆರಿಕದ ಕಾಂಗ್ರೆಸ್‌ನಲ್ಲಿ ಅವನೊಬ್ಬನ ಹೆಸರಿಗೇ ಖಾಸಗಿ ಮಸೂದೆ ತರಬೇಕಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದು ಸಾಕಾಗಿ, 1946ರಲ್ಲಿ ಕಾನೂನು ಮಾಡಿ ಈ ಕೆಲಸವನ್ನು ನಾಗರಿಕರ ಬೋರ್ಡ್‌ಗಳಿಗೆ ಒಪ್ಪಿಸಿದರು. ಇವತ್ತಿಗೂ ತೀರ್ಪು ಕೊಡುವ ಮೂವರೂ ಸಮವಸ್ತ್ರದವರಲ್ಲ, ಸೇನಾ ಇಲಾಖೆಯ ನಾಗರಿಕ ಅಧಿಕಾರಿಗಳು.

ಆದರೆ ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ. ಕೆಳಗಿನ ದಾರಿಗಳನ್ನೆಲ್ಲ ಮೊದಲು ಮುಗಿಸಿರಬೇಕು, ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ. ನಾನು ಘಟಕದ ಎಸ್-1, ಅಂದರೆ ಸಿಬ್ಬಂದಿ ವಿಭಾಗದ, ಸಾರ್ಜೆಂಟ್ ಮೂಲಕ ಸರಿಯಾದ ಮನವಿ ಕಳಿಸಿದೆ. ಈ ಸಲ ಒಂದೇ ಪುಟ, ಐದು ಅಡಕ. ಸಾರ್ಜೆಂಟ್ ಓದಿ, "ಡಾಕ್, ಮೊದಲ ಸಲ ಡಾಕ್ಟರೊಬ್ಬರ ಪತ್ರ ನನಗೆ ಅರ್ಥ ಆಯ್ತು" ಅಂದ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ನೇಮಕ ಮುಗಿದುಹೋಗಿದೆ, ಆಗ ಕೊಟ್ಟ ಕ್ರೆಡಿಟ್ ಅನ್ನು ನಾವು ಬದಲಿಸಲಾರೆವು, ಬೋರ್ಡ್‌ಗೆ ಹೋಗಬಹುದು. ಎರಡು ಸಾಲು. ಬೇಸರವಾಯಿತು. ಆದರೆ ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದೇ ಆ ಎರಡು ಸಾಲು. ಕೆಳಗಿನ ಬಾಗಿಲು ಮುಚ್ಚಿದೆ ಅನ್ನುವುದಕ್ಕೆ ಅದೇ ಪುರಾವೆ. ಬಾಯಿಮಾತಲ್ಲಿ 'ಆಗಲ್ಲ' ಅಂದಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು.

ಬೋರ್ಡ್‌ಗೆ ಹಾಕುವುದು ಡಿಡಿ ಫಾರ್ಮ್ 149. ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನಾನು ಇಟ್ಟುಕೊಳ್ಳಲಿಲ್ಲ. ಶಿಸ್ತಿನ ವಿಷಯವೋ ಕೆಟ್ಟ ವರದಿಯ ವಿಷಯವೋ ಆಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಇದು ಕೂಡುವ ಕಳೆಯುವ ವಿಷಯ.

ಫಾರ್ಮ್ ಚಿಕ್ಕದು, ಅದಕ್ಕೇ ಮೋಸ. ಮೂರು ಕಡೆ ನಾನು ಬಹಳ ಹೊತ್ತು ಕುಳಿತೆ.

ಮೊದಲನೆಯದು, ಏನು ಬೇಕು ಅನ್ನುವ ಜಾಗ. ಮೊದಲ ಕರಡಿನಲ್ಲಿ 'ನನ್ನ ಡೇಟ್ ಆಫ್ ರ್ಯಾಂಕ್ ಸರಿಪಡಿಸಿ' ಅಂತ ಬರೆದಿದ್ದೆ. ಎರಡು ದಿನ ಬಿಟ್ಟು ಓದಿದಾಗ ಹೊಳೆಯಿತು: ತಾರೀಖು ಸರಿಯಾದರೆ ಆ ಬಡ್ತಿ ಬೋರ್ಡ್ ಆಗಲೇ ಕೂತು ಎದ್ದುಹೋಗಿರುತ್ತದೆ, ನನ್ನ ಗತಿ? ಹೀಗೆ ಕಚೇರಿಯ ತಪ್ಪಿನಿಂದ ಬೋರ್ಡ್ ತಪ್ಪಿಸಿಕೊಂಡವರಿಗಾಗಿ ಸ್ಪೆಷಲ್ ಸೆಲೆಕ್ಷನ್ ಬೋರ್ಡ್ ಅಂತ ಇದೆ. ರಿಸರ್ವ್ ಅಧಿಕಾರಿಗಳಿಗೆ ಅದು ಅಮೆರಿಕದ ಕಾನೂನು ಸಂಹಿತೆಯ 10ನೇ ಶೀರ್ಷಿಕೆಯ (ಸೇನೆಗೆ ಸಂಬಂಧಿಸಿದ ಭಾಗ) 14502ನೇ ಕಲಮಿನಲ್ಲಿ ಬರುತ್ತದೆ. ಹಾಗಾಗಿ ಕೊನೆಗೆ ಬರೆದದ್ದು ಹೀಗೆ: ಕ್ರೆಡಿಟ್ 5ರ ಬದಲು 7 ವರ್ಷ ಅಂತ ತೋರಿಸಬೇಕು, ಡೇಟ್ ಆಫ್ ರ್ಯಾಂಕ್ 2014ರ ಆಗಸ್ಟ್ 20ರ ಬದಲು 2012ರ ಆಗಸ್ಟ್ 20 ಆಗಬೇಕು, ನೇಮಕದ ಪತ್ರವನ್ನೂ ಸೇವಾ ದಾಖಲೆಯನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು, ತಪ್ಪಿಹೋದ ಬೋರ್ಡ್‌ನ ಮಾನದಂಡದಂತೆ ಸ್ಪೆಷಲ್ ಸೆಲೆಕ್ಷನ್ ಬೋರ್ಡ್ ಮುಂದೆ ನನ್ನನ್ನು ಇಡಬೇಕು. ಕೇಳದಿದ್ದರೂ ಕೊಟ್ಟಾರು, ಆದರೆ ಅದನ್ನು ನಂಬಿ ಕೂರುವವನಲ್ಲ ನಾನು.

ಎರಡನೆಯದು, ತಪ್ಪು ಗೊತ್ತಾದ ದಿನ. ಕಾನೂನಿನಲ್ಲಿ, ತಪ್ಪು ಗೊತ್ತಾದಂದಿನಿಂದ 3 ವರ್ಷದೊಳಗೆ ಅರ್ಜಿ ಹಾಕಬೇಕು ಅಂತಿದೆ. ತಡವಾದರೂ ನ್ಯಾಯದ ದೃಷ್ಟಿಯಿಂದ ಬೋರ್ಡ್ ಮನ್ನಿಸಬಹುದು, ಆದರೆ ಅದು ಅವರ ಇಷ್ಟ. ಹಾಳೆ 2015ರಿಂದ ನನ್ನ ದಾಖಲೆಯಲ್ಲಿತ್ತು, ಆಗಲೇ ಗೊತ್ತಿರಬೇಕಿತ್ತಲ್ಲ ಅಂದರೆ? ನಾನು ಝೋನ್ ಪ್ರಕಟಣೆಯ ಪ್ರತಿಯನ್ನೂ ಮೊದಲ ಇಮೇಲ್ ಅನ್ನೂ ಇಟ್ಟೆ. ಆ ನಾಚಿಕೆಯ ಇಮೇಲ್ ಕೆಲಸಕ್ಕೆ ಬಂದದ್ದು ಇಲ್ಲೊಂದೇ ಕಡೆ, ಅದರ ಮೇಲೆ ತಾರೀಖಿತ್ತು.

ಮೂರನೆಯದು, ತಪ್ಪೋ ಅನ್ಯಾಯವೋ ಅನ್ನುವುದು. ಕಾನೂನು ಈ ಎರಡು ಪದಗಳನ್ನೂ ಬಳಸುತ್ತದೆ, ಎರಡಕ್ಕೂ ಬೋರ್ಡ್ ಪರಿಹಾರ ಕೊಡಬಹುದು. ನನ್ನ ಸಿಟ್ಟಿಗೆ 'ಅನ್ಯಾಯ' ಅನ್ನುವ ಪದವೇ ರುಚಿಸುತ್ತಿತ್ತು. ಆದರೆ ಅನ್ಯಾಯ ಅಂದ ಕೂಡಲೇ ಓದುವವರು ಎರಡೂ ಕಡೆ ತೂಗಲು ಶುರು ಮಾಡುತ್ತಾರೆ. ತಪ್ಪು ಅಂದರೆ ಕೂಡಿ ನೋಡುತ್ತಾರೆ. ನನಗೆ ಅವರು ಕೂಡಿ ನೋಡಿದರೆ ಸಾಕಿತ್ತು. ಗೆಳೆಯನ ಹೋಲಿಕೆಯನ್ನೂ ಪೂರ್ತಿ ತೆಗೆದುಹಾಕಿದೆ. ಅವನ ತಾರೀಖು ನನ್ನ ತಾರೀಖಿಗೆ ಪುರಾವೆ ಅಲ್ಲ, ಅವನ ದಾಖಲೆ ಎಳೆದು ತರಲು ನನಗೆ ಹಕ್ಕೂ ಇಲ್ಲ. ಅವನದ್ದೇ ತಪ್ಪಾಗಿದ್ದರೆ ಏನು ಮಾಡುತ್ತಿದ್ದೆ?

ಫಾರ್ಮ್ ಜೊತೆ ಒಂದೂವರೆ ಪುಟದ ವಿವರಣೆ. ಅದರಲ್ಲಿ ಪ್ರತಿ ವಾಕ್ಯದ ಕೊನೆಗೂ 'ಅಡಕ 3, ಪುಟ 1' ಅನ್ನುವ ಥರದ ಉಲ್ಲೇಖ. ಬೋರ್ಡ್ ಶುರು ಮಾಡುವುದೇ ದಾಖಲೆ ಸರಿಯಾಗಿದೆ ಅನ್ನುವ ನಂಬಿಕೆಯಿಂದ. ತಪ್ಪಿದೆ ಅಂತ ತೋರಿಸುವ ಹೊರೆ ಅರ್ಜಿದಾರನ ಮೇಲೆ. ಎದುರಿಗೆ ನಿಂತು ಹೇಳಿಕೊಳ್ಳುವ ಹಕ್ಕೂ ಇಲ್ಲ, ಬಹುತೇಕ ಎಲ್ಲವೂ ಕಾಗದದ ಮೇಲೇ ತೀರ್ಮಾನ. ಅಂದಮೇಲೆ ಕಾಗದವೇ ಮಾತಾಡಬೇಕು, ಅಲ್ವಾ?

2018ರ ಶರತ್ಕಾಲದಲ್ಲಿ ಕಳಿಸಿದೆ. ಆಮೇಲೆ ಕಾಯುವುದು. ಶೇ 90ರಷ್ಟು ಅರ್ಜಿಗಳು 10 ತಿಂಗಳೊಳಗೆ, ಎಲ್ಲವೂ 18 ತಿಂಗಳೊಳಗೆ ಮುಗಿಯಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ನಾನು ತಿಂಗಳಿಗೊಮ್ಮೆ ಫೋನ್ ಮಾಡಿ ಪೀಡಿಸಲಿಲ್ಲ.

2019ರ ವಸಂತದಲ್ಲಿ ಒಂದು ಲಕೋಟೆ ಬಂತು. ತೀರ್ಪಲ್ಲ, ಅಡ್ವೈಸರಿ ಒಪೀನಿಯನ್. ವಿಷಯ ಬಲ್ಲ ಕಚೇರಿಯೊಂದರ ಅಭಿಪ್ರಾಯವನ್ನು ಬೋರ್ಡ್ ಮೊದಲು ಕೇಳುತ್ತದೆ, ಅದರ ಪ್ರತಿಯನ್ನು ನಮಗೂ ಕಳಿಸಿ ಗಡುವಿನೊಳಗೆ ಏನಾದರೂ ಹೇಳುವುದಿದ್ದರೆ ಹೇಳಿ ಅನ್ನುತ್ತದೆ. ಬಹಳ ಜನ ಇದನ್ನು ಸುಮ್ನೆ ಮಾಹಿತಿಗೆ ಬಂದ ಪತ್ರ ಅಂದುಕೊಂಡು ಪಕ್ಕಕ್ಕೆ ಇಡುತ್ತಾರೆ. ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ನಿದ್ದೆಗೆಟ್ಟು ಓದಬೇಕಾದ ಕಾಗದ ಇದೊಂದೇ. ಮೂವರು ಸದಸ್ಯರ ಮುಂದೆ ನನ್ನ ಅರ್ಜಿಯ ಪಕ್ಕದಲ್ಲಿ ಕೂರುವುದು ಇದೇ.

ಅಭಿಪ್ರಾಯ ಅರ್ಧ ನನ್ನ ಪರ ಇತ್ತು. ರೆಸಿಡೆನ್ಸಿಯ ಎರಡನೇ ವರ್ಷ ಬಿಟ್ಟುಹೋಗಿದ್ದು ತಪ್ಪು, ಕೊಡಬಹುದು. ಮೂರನೇ ವರ್ಷ ಮಾತ್ರ ಅರ್ಜಿ ಹಾಕಿದಾಗ ಮುಗಿದಿರಲಿಲ್ಲ, ಆದ್ದರಿಂದ ಬೇಡ. ಅಂದರೆ ಒಟ್ಟು 6, ಡೇಟ್ ಆಫ್ ರ್ಯಾಂಕ್ 2013ರ ಆಗಸ್ಟ್.

ಅರ್ಧ ಸಿಕ್ಕಿತಲ್ಲ ಬಿಡು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಲೆಕ್ಕ ಯಾವ ದಿನಕ್ಕೆ ಹಾಕಬೇಕು ಅನ್ನುವುದೇ ಇಲ್ಲಿ ಪ್ರಶ್ನೆ. ಅರ್ಜಿಯ ದಿನಕ್ಕೋ, ನೇಮಕದ ದಿನಕ್ಕೋ? ರಿಸರ್ವ್ ಅಧಿಕಾರಿಗಳ ಮೂಲ ನೇಮಕದ ಕ್ರೆಡಿಟ್ ಇರುವುದು 10ನೇ ಶೀರ್ಷಿಕೆಯ 12207ನೇ ಕಲಮಿನಲ್ಲಿ. ಅದು ಶುರುವಾಗುವುದೇ ಮೂಲ ನೇಮಕ ಪಡೆಯುವವನ ಹುದ್ದೆಯನ್ನೂ ಹುದ್ದೆಯೊಳಗಿನ ಹಿರಿತನವನ್ನೂ ಗೊತ್ತು ಮಾಡುವ ಮಾತಿನಿಂದ. ಹಿಂದಿನ ಸೇವೆ ಇದ್ದವರಿಗೆ ಅದನ್ನು ನೇಮಕದ ಹೊತ್ತಿಗೆ ಎಣಿಸಬೇಕು ಅಂತ ಅಲ್ಲೇ ಇದೆ. ಅರ್ಜಿ ಹಾಕಿದ ದಿನದ ಸುದ್ದಿಯೇ ಇಲ್ಲ. ನನ್ನ ನೇಮಕ ಆಗಸ್ಟ್ 20. ಮೂರನೇ ವರ್ಷ ಮುಗಿದದ್ದು ಜೂನ್ 30. ನಡುವೆ 51 ದಿನ.

ನನ್ನ ಉತ್ತರ ಅರ್ಧ ಪುಟ ಇತ್ತು. ಎರಡನೇ ವರ್ಷದ ಬಗ್ಗೆ ಅಭಿಪ್ರಾಯವನ್ನು ಒಪ್ಪುತ್ತೇನೆ ಅಂತ ಮೊದಲ ಸಾಲು. ಮೂರನೇ ವರ್ಷಕ್ಕೆ ಕಲಮಿನ ಉಲ್ಲೇಖ, ಫಾರ್ಮ್ 71ರ ತಾರೀಖು, ಆಸ್ಪತ್ರೆ ಪತ್ರದ ಮೂರನೇ ಸಾಲು. 'ನಾನೂ ಸರ್ಟಿಫಿಕೇಟ್ ಕಳಿಸಲಿಲ್ಲ, ಅದು ನನ್ನ ಲೋಪ' ಅಂತಲೂ ಸೇರಿಸಿದೆ. ಹೆಂಡತಿ ಅದನ್ನು ತೆಗೆಯಿರಿ ಅಂದಳು. ನಾನು ಉಳಿಸಿಕೊಂಡೆ. ಅವರೇ ಕಂಡುಹಿಡಿಯುವ ಬದಲು ನಾನೇ ಹೇಳುವುದು ಮೇಲು ಅನ್ನಿಸಿತು. ನನ್ನ ಲೋಪದಿಂದ ಕಾನೂನಿನ ಲೆಕ್ಕದ ದಿನ ಬದಲಾಗುವುದೂ ಇಲ್ಲ.

ಶರತ್ಕಾಲದಲ್ಲಿ ತೀರ್ಪು ಬಂತು. ಒಪ್ಪಿಗೆ. ಪೂರ್ತಿ 7 ವರ್ಷ, 2012ರ ಆಗಸ್ಟ್ 20, ಸ್ಪೆಷಲ್ ಸೆಲೆಕ್ಷನ್ ಬೋರ್ಡ್ ಕೂಡ. ಇಲ್ಲ ಅಂದಿದ್ದರೂ ದಾರಿ ಪೂರ್ತಿ ಮುಚ್ಚುತ್ತಿರಲಿಲ್ಲ. ಮೊದಲು ಕೊಡದ ಹೊಸ ಪುರಾವೆ ಇದ್ದರೆ ಮತ್ತೆ ಕೇಳಬಹುದು, ಅದಕ್ಕೆ ಈಗ ಕಾಲಮಿತಿ ಇಲ್ಲ.

ಆ ರಾತ್ರಿ ಕ್ಯಾಲೆಂಡರ್ ಹಿಂದಕ್ಕೆ ಹಾಕಿ ನೋಡಿದೆ. 2012ರ ಆಗಸ್ಟ್ 20, ಸೋಮವಾರ. ನಾನು ಇಂಟರ್ನ್ ಆಗಿ ಎರಡನೇ ತಿಂಗಳು. ಐಸಿಯುನಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸ್ಟಾಪ್ ದಾಟಿ ಇಳಿಯುತ್ತಿದ್ದ ಕಾಲ. ಸೇನೆಯ ಯೋಚನೆಯೇ ಇರಲಿಲ್ಲ. ಅವತ್ತಿನಿಂದ ನಾನು ಕ್ಯಾಪ್ಟನ್ ಅಂತೆ! ಕಾಗದದ ಲೋಕಕ್ಕೆ ಅದರದ್ದೇ ಆದ ತಮಾಷೆ ಇದೆ.

ತೀರ್ಪು ಬಂದ ಮಾತ್ರಕ್ಕೆ ಕಂಪ್ಯೂಟರ್‌ನಲ್ಲಿ ತಾನಾಗಿ ಬದಲಾಗುತ್ತದೆ ಅಂತ ಕೂರಬಾರದು. ಸೇವಾ ಸಾರಾಂಶದ ಹಾಳೆ, ಅಂದರೆ ಆಗಿನ ಓಆರ್‌ಬಿ, ಅದರಲ್ಲಿ ಹಳೆಯ ತಾರೀಖೇ ನಿಂತಿತ್ತು. ಎಸ್-1 ಸಾರ್ಜೆಂಟ್ ಜೊತೆ ಕೂತು ಒಂದೊಂದು ಜಾಗವನ್ನೂ ಬೆರಳಿಟ್ಟು ನೋಡಿದೆವು. ನೇಮಕದ ಪತ್ರ ತಿದ್ದಿತ್ತು, 5074 ತಿದ್ದಿತ್ತು, ಓಆರ್‌ಬಿ ತಿದ್ದಿರಲಿಲ್ಲ. ಅದಕ್ಕೆ ಇನ್ನೊಂದು ಮನವಿ, ಇನ್ನೊಂದು ತಿಂಗಳು.

ಸ್ಪೆಷಲ್ ಸೆಲೆಕ್ಷನ್ ಬೋರ್ಡ್ ಮುಂದೆ ಹೋಗುವುದು ನನ್ನ ಇಂದಿನ ದಾಖಲೆಯಲ್ಲ. ಮೂಲ ಬೋರ್ಡ್ ಕೂತಿದ್ದಾಗ ಹೇಗೆ ಕಾಣುತ್ತಿತ್ತೋ ಹಾಗಿರುವ ದಾಖಲೆ. ನನ್ನ ಅತ್ಯುತ್ತಮ ಮೌಲ್ಯಮಾಪನ ವರದಿ ಅದಾದ ಮೇಲೆ ಬಂದದ್ದು, ಅದು ಲೆಕ್ಕಕ್ಕಿಲ್ಲ. ಹಳೆಯ ಎರಡು ಸಾಧಾರಣ ವರದಿಗಳನ್ನು ನೆನೆಸಿಕೊಂಡು ಒಂದಷ್ಟು ದಿನ ಹೊಟ್ಟೆಯಲ್ಲಿ ಕಸಿವಿಸಿ ಇತ್ತು. 2020ರಲ್ಲಿ ಫಲಿತಾಂಶ ಬಂತು, ಆಯ್ಕೆಯಾಗಿದ್ದೆ. ಹೀಗೆ ಆಯ್ಕೆಯಾದವರಿಗೆ ಮೂಲ ಬೋರ್ಡ್ ಆರಿಸಿದ್ದರೆ ಯಾವ ತಾರೀಖು ಸಿಗುತ್ತಿತ್ತೋ ಅದೇ ತಾರೀಖು, ಸಂಬಳಕ್ಕೂ ಅದೇ.

ಬಾಕಿ ಹಣ ಡ್ರಿಲ್ ಲೆಕ್ಕದಲ್ಲಿ ಬಂತು. ರಿಸರ್ವ್‌ನಲ್ಲಿ ಒಂದು ಡ್ರಿಲ್ ಅಂದರೆ ತಿಂಗಳ ಮೂಲ ವೇತನದ ಮೂವತ್ತರಲ್ಲಿ ಒಂದು ಭಾಗ, ಒಂದು ವಾರಾಂತ್ಯಕ್ಕೆ ನಾಲ್ಕು ಡ್ರಿಲ್. ಹಿಂದೆ ಹಾಜರಿದ್ದ ಒಂದೊಂದಕ್ಕೂ ಕ್ಯಾಪ್ಟನ್ ಮತ್ತು ಮೇಜರ್ ನಡುವಿನ ವ್ಯತ್ಯಾಸ. ನನ್ನ ಹಳೆಯ ಸಂಬಳದ ಚೀಟಿಗಳೆಲ್ಲ ಇದ್ದವು, ಕೂಡಿ ತಾಳೆ ನೋಡಿದೆ. ಒಂದು ವಾರಾಂತ್ಯ ಬಿಟ್ಟುಹೋಗಿತ್ತು. ಅದಕ್ಕೂ ಒಂದು ಪತ್ರ ಬರೆದೆ, ಅಡಕ ಎರಡು.

ಬಡ್ತಿಯ ಆದೇಶವನ್ನೂ ಬೋರ್ಡ್‌ನ ತೀರ್ಪನ್ನೂ ಅಪ್ಪನಿಗೆ ಫೋನಿನಲ್ಲಿ ಕಳಿಸಿದೆ. ಅಕ್ಕಪಕ್ಕದವರಿಗೆ ತೋರಿಸಿ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಸಂಜೆ ಕರೆ ಬಂತು.

"ಪ್ರಿಂಟ್ ತೆಗೆಸಿದೆ ಕಣೋ. ತೀರ್ಪಿಗೆ ನಂಬರ್ ಎಲ್ಲಿದೆ, ಕಾಣಿಸ್ತಿಲ್ಲ?"

"ಮೇಲ್ಗಡೆ ಅಪ್ಪ. 'ಎಆರ್' ಅಂತ ಶುರುವಾಗುತ್ತೆ ನೋಡಿ, ಆಮೇಲೆ ವರ್ಷ."

ಪೆನ್ನಿನ ಕ್ಯಾಪ್ ತೆಗೆದ ಸದ್ದು ಕೇಳಿಸಿತು. ಒಂದೊಂದೇ ಅಂಕಿ ಜೋರಾಗಿ ಓದಿಕೊಳ್ಳುತ್ತಾ ಫೈಲಿನ ಮೇಲೆ ಬರೆದುಕೊಂಡರು.